ಹುಚ್ಚರಂಗಯ್ಯನ ಕೊಬ್ಬರಿ ಮನೆಗೆ ಆರುನೂರು ವರ್ಷ

ಡೈರಿಗೆ ಹಾಲು ಹಾಕಿ ವಾಪಸು ಬರುವಷ್ಟರಲ್ಲಿ ಹುಚ್ಚರಂಗಯ್ಯನ ಕೊಬ್ಬರಿ ಮನೆ ಆರುನೂರು ವರ್ಷ ಹಳೆಯದಾಗಿಬಿಟ್ಟಿತ್ತು. ಶೆಟ್ಟಿಕೆರೆಗೆ ಹೋಗುವ ರಸ್ತೆಯ ಪಕ್ಕ, ಅದರ ಬಾಗಿಲಿಗೆ ಅಡ್ಡವಾಗಿ, ಹಸಿ ಸಿಮೆಂಟಿನಲ್ಲಿ ನೀಲಿ ಬೋರ್ಡೊಂದು ನಿಂತಿತ್ತು: 'ರಾಜನೊಬ್ಬ ಕಟ್ಟಿಸಿದ ಆರುನೂರು ವರ್ಷದ ಮಂಟಪ. ಸಂರಕ್ಷಿತ ಸ್ಮಾರಕ. ಒಂದು ಕಲ್ಲನ್ನು ಅಲುಗಿಸಿದವರೂ ಶಿಕ್ಷಾರ್ಹರು.'

ಅಲುಗಿಸಲೇಬೇಕಾದ ದಿನ ಅದು. ಅಟ್ಟದ ಮೇಲೆ ಹನ್ನೊಂದು ತಿಂಗಳಿಂದ ಒಣಗುತ್ತಿದ್ದ ತೆಂಗಿನಕಾಯಿ. ಇನ್ನೊಂದು ತಿಂಗಳು ಕಳೆದರೆ ಗಟ್ಟಿ ಕೊಬ್ಬರಿ. ಆದರೆ ನಡುತೊಲೆಗೆ ಗೆದ್ದಲು ಹಿಡಿದು, ಅಟ್ಟ ಗಬ್ಬದ ಎಮ್ಮೆಯ ಹೊಟ್ಟೆಯಂತೆ ಜೋತುಬಿದ್ದಿತ್ತು. ಸಂಜೆ ಮಳೆ ಬರುವುದರೊಳಗೆ ತೊಲೆ ಬದಲಿಸದಿದ್ದರೆ ವರ್ಷದ ಫಸಲು ತಿಪ್ಪೆ ಪಾಲು. ಅದಕ್ಕೆಂದೇ ಬಂದಿದ್ದ ಬಡಗಿ ತಿಮ್ಮರಾಜು ಬೋರ್ಡು ಓದಿದವನೇ ಏಣಿ ಇಳಿದ.

"ಜೈಲಿಗೋಗೋ ಕೆಲ್ಸ ನಂಗೆ ಬ್ಯಾಡ ಕಣಣ್ಣ."

"ಲೇ, ಈ ತೊಲೆ ಏರ್ಸಿದ್ದೇ ನಿಮ್ಮಪ್ಪ ಅಲ್ವೇನ್ಲಾ?"

"ನಮ್ಮಪ್ಪ ಏರ್ಸಿದಾಗ ಬೋರ್ಡಿರ್ಲಿಲ್ಲ."

ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಫೋಟೋ ತೆಗೆಯತೊಡಗಿದ್ದರು. ಪಕ್ಕದ ಮನೆಯ ಸುವರ್ಣಮ್ಮ, ರಾಣಿಯೊಬ್ಬಳು ಇದೇ ಅಟ್ಟದ ಮೇಲೆ ಬಾಣಂತನ ಮಾಡಿಸಿಕೊಂಡಳೆಂದೂ, ಅದನ್ನು ತನ್ನ ಅಜ್ಜಿ ಕಣ್ಣಾರೆ ಕಂಡಿದ್ದಳೆಂದೂ ಹೇಳುತ್ತಿದ್ದರು. ಆ ಅಟ್ಟ ಕಟ್ಟಿ ಹತ್ತೊಂಬತ್ತು ವರ್ಷವಾಗಿತ್ತು. ಅಜ್ಜಿ ಸತ್ತು ನಲವತ್ತು.

ಹುಚ್ಚರಂಗಯ್ಯ ಎದುರು ಮನೆಯ ಪಂಚಾಯ್ತಿ ಅಧ್ಯಕ್ಷ ರಾಜಣ್ಣನ ಬಳಿಗೆ ಓಡಿದ. ಊರಿಗೆ ಹೆಸರು ಬರುವಾಗ ತೊಲೆ ಗಿಲೆ ಅಂತ ರಗಳೆ ತೆಗೆಯಬಾರದೆಂದು ರಾಜಣ್ಣ ಬುದ್ಧಿ ಹೇಳಿ ಕಳಿಸಿದ.

ಮಧ್ಯಾಹ್ನ ಬೋರ್ಡಿನ ಫೋಟೋ ಹಿಡಿಯಲು ಪುರಾತತ್ವ ಇಲಾಖೆಯ ಆಫೀಸರ್ ಶಿವಮೂರ್ತಿ ಬಂದರು. ಬೆಳ್ಳಗಿನ ಶರಟು, ಬಗಲಲ್ಲಿ ಫೈಲು. ಒಳಗೆ ಹೋಗಿ ಗೋಡೆಯ ಮೇಲೆ ಬೆರಳಾಡಿಸಿ, ಇಷ್ಟು ದಪ್ಪ ಮಸಿ ಕೂರಲು ಆರು ಶತಮಾನವಾದರೂ ಬೇಕೆಂದು ಬರೆದುಕೊಂಡರು.

"ಅದು ಮಟ್ಟೆ ಹೊಗೆ ಕಣ್ ಸ್ವಾಮಿ. ಕಾಯಿ ಒಣಗ್ಲಿ ಅಂತ ಮಳೆಗಾಲ್ದಾಗೆ ಅಟ್ಟದ ಕೆಳ್ಗೆ ನನ್ನೆಂಡ್ತಿ ಹಾಕೋದು," ಎಂದ ಹುಚ್ಚರಂಗಯ್ಯ.

ಹೊಗೆಗೂ ಇತಿಹಾಸಕ್ಕೂ ವ್ಯತ್ಯಾಸ ತಮಗೆ ಗೊತ್ತೆಂದರು ಶಿವಮೂರ್ತಿ. ಹುಚ್ಚರಂಗಯ್ಯನ ಹೆಂಡತಿ ತಿಮ್ಮಕ್ಕನಿಗೆ ರೇಗಿತು. ಒಂದು ಮಂಕರಿ ಕಾಯಿ ಮಟ್ಟೆ ತಂದು ಸುರಿದು ಬೆಂಕಿ ಕೊಟ್ಟಳು. ಬಾಗಿಲಿಗೆ ಬೋರ್ಡು ಅಡ್ಡವಿದ್ದುದರಿಂದ ಆಫೀಸರು ಬೇಗ ಹೊರಬರಲಾಗಲಿಲ್ಲ. ಕಾಲು ಗಂಟೆಯಲ್ಲಿ ಅವರ ಶರಟು ಮುನ್ನೂರು ವರ್ಷ ಹಿಂದಕ್ಕೆ ಹೋಯಿತು.

ಕೆಮ್ಮಿ ಕೆಮ್ಮಿ, ಕಣ್ಣೊರೆಸಿಕೊಂಡು ಅವರು ಸೋತರು. "ಆಯ್ತು ಕಣ್ರೀ. ಇದನ್ನ ಕಟ್ಟಿದ್ದು ನೀವೇ ಅಂತ ಬರೆದು ಸಹಿ ಹಾಕಿ."

ಹುಚ್ಚರಂಗಯ್ಯನಿಗೆ ಕುಣಿಯುವಷ್ಟು ಖುಷಿ. ಆಶ್ಚರ್ಯವೆಂದರೆ, ಪೆನ್ನು ಕೊಟ್ಟವನೇ ರಾಜಣ್ಣ. ಬೆಳಿಗ್ಗೆ ಬುದ್ಧಿ ಹೇಳಿದವನು ಈಗ ಮೊದಲ ಸಾಕ್ಷಿಯಾಗಿ ಸಹಿ ಒತ್ತಿದ. ತಳಪಾಯ ತೋಡಿದ್ದೂ ಇವನೇ, ಕಣ್ಣಾರೆ ಕಂಡಿದ್ದೇನೆ ಎಂದು ಒಂದು ಸಾಲು ಹೆಚ್ಚಿಗೆಯೇ ಬರೆದ. ತಿಮ್ಮರಾಜು ಮತ್ತೆ ಏಣಿಗೆ ಕಾಲಿಟ್ಟ.

ಶಿವಮೂರ್ತಿ ಕಾಗದ ಮಡಚಿ ಫೈಲಿಗೆ ಸೇರಿಸಿದರು. "ಅಧ್ಯಕ್ಷರು ಮೊದಲೇ ಇಲಾಖೆಗೆ ಬರೆದುಕೊಟ್ಟಿರೋ ಪ್ರಕಾರ ಮಂಟಪ ಇದ್ದದ್ದು ಇದೇ ಜಾಗ. ಈಗ ಇರೋದು ನಿಮ್ಮ ಕೊಬ್ಬರಿ ಮನೆ. ಕಟ್ಟಿದ್ದು ನೀವೇ, ತಳಪಾಯ ತೋಡಿದ್ದೂ ನೀವೇ. ಅಂದ್ಮೇಲೆ ಮಂಟಪ ಕೆಡವಿದ್ದು?"

ಹುಚ್ಚರಂಗಯ್ಯ ಎದುರು ಮನೆಯತ್ತ ಕೈ ಚಾಚಿದ. "ಮಂಟಪ ಇದ್ದದ್ದು ಕೆರೆ ಏರಿ ಮ್ಯಾಲೆ ಸ್ವಾಮಿ. ಅದ್ರ ಕಂಬ ಅಗೋ, ಅಧ್ಯಕ್ಷರ ಗೇಟ್ನಾಗೆ ನಿಂತವೆ."

ಎಲ್ಲರೂ ನೋಡಿದರು. ಕಮಲ ಕೆತ್ತಿದ ಎರಡು ಕಂಬ, ಹಸಿರು ಆಯಿಲ್ ಪೇಂಟು ಬಳಿದುಕೊಂಡು, ರಾಜಣ್ಣನ ಗೇಟನ್ನು ಹೊತ್ತು ನಿಂತಿದ್ದವು. ಶಿವಮೂರ್ತಿಯವರ ಬೈಕು ಒಂದಕ್ಕೆ ಒರಗಿತ್ತು.

"ಅದರ ಮುಂದೆ ಬೋರ್ಡ್ ಇಲ್ವಲ್ರೀ," ಎಂದರು ಅವರು.

ಊರವರನ್ನು ಕೇಳಿ ಎಂದು ಹುಚ್ಚರಂಗಯ್ಯ ಗೋಗರೆದ. ಊರವರು ಆಕಾಶ ನೋಡಿದರು. ಸುವರ್ಣಮ್ಮನ ಬಟ್ಟೆ ಒಗೆಯುವ ಕಲ್ಲೂ ಏರಿಯಿಂದಲೇ ಬಂದದ್ದು; ಮಿಕ್ಕವರ ಮೆಟ್ಟಿಲು, ಕಟ್ಟೆಗಳ ಕತೆಯೂ ಅದೇ. ಮಂಟಪದ ಒಂದು ಚೂರನ್ನೂ ಮನೆಗೆ ತಾರದವನು ಊರಲ್ಲಿ ಒಬ್ಬನೇ ಇದ್ದ. ಆಗ ಅವನ ಬಳಿ ಗಾಡಿ ಇರಲಿಲ್ಲ.

ಕೊಬ್ಬರಿ ಮನೆ ಈಗ ಅಪರಾಧದ ಸಾಕ್ಷ್ಯವಾದ್ದರಿಂದ ಒಂದು ಹಂಚನ್ನೂ ಮುಟ್ಟಕೂಡದೆಂದು ಬಾಗಿಲಿಗೆ ಮೊಹರು ಬಿತ್ತು. ಬೋರ್ಡು ಬರೆಯುವವನು ಬಂದು, ರಾಜನ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ: 'ಸದರಿ ಮಂಟಪವನ್ನು ನಾಶಪಡಿಸಿದವರು: ಹುಚ್ಚರಂಗಯ್ಯ.' ತಲೆತಲಾಂತರದಿಂದ ಆ ಕೆರೆಯ ಹೂಳು ಹೊತ್ತ ಅವನ ವಂಶದವರ ಹೆಸರು ಊರಿನ ಯಾವ ಕಲ್ಲಿನ ಮೇಲೂ ಇರಲಿಲ್ಲ. ಇದೇ ಮೊದಲು.

ಮಳೆಯ ದಪ್ಪ ಹನಿಗಳು ಹಂಚಿನ ಮೇಲೆ ಬೀಳತೊಡಗಿದವು. ಒಳಗೆ ಅಟ್ಟ ಒಮ್ಮೆ ಲಟಕ್ಕೆಂದಿತು. ತಿಮ್ಮರಾಜು ಏಣಿ ಹೆಗಲಿಗೇರಿಸಿ ಬೋರ್ಡಿನ ಮುಂದೆ ನಿಂತು ಓದಿದ.

"ಆ ರಾಜನ ಹೆಸ್ರೇ ಇಲ್ಲ. ನಿನ್ನ ಹೆಸ್ರು ಮಾತ್ರ ಎಷ್ಟು ದಪ್ಪಕ್ಕೆ ಬರ್ದವ್ರೆ ನೋಡಣ್ಣ," ಎಂದ.