ಕೊರಗಪ್ಪ: ಬದುಕು, ರೇಸು, ಆಸ್ತಿ

ತಾನು ಕೋಟ್ಯಧಿಪತಿ ಎಂಬ ಸುದ್ದಿ ಕೊರಗಪ್ಪನಿಗೆ ತಿಳಿದದ್ದು ಬಚ್ಚಲುಮನೆಯ ಸಾಲಿನಲ್ಲಿ ನಿಂತಿದ್ದಾಗ.

ದುಬೈಯ ಕುಸೈಸಿನ ಆ ಶೇರಿಂಗ್ ಫ್ಲ್ಯಾಟಿನಲ್ಲಿ ಎರಡು ಕೋಣೆಗೆ ಒಂದೇ ಬಚ್ಚಲು, ಒಂದೇ ಅಡುಗೆಮನೆ. ಒಂದು ಕೋಣೆಯಲ್ಲಿ ಕೊರಗಪ್ಪ, ಹೆಂಡತಿ ಅಪ್ಪಿ, ಹನ್ನೊಂದನೇ ಕ್ಲಾಸಿನ ಮಗಳು ಭವ್ಯಶ್ರೀ. ಇನ್ನೊಂದರಲ್ಲಿ ವಿಕ್ಟರ್. ಅವನು ಹಗಲಿಗೆ ಕಾರ್ಗೋ ಕಂಪೆನಿಯ ಗುಮಾಸ್ತ, ಉಳಿದ ಹೊತ್ತಿಗೆಲ್ಲ ಕರಾವಳಿ ಕನ್ನಡಿಗರ ಸಂಘದ ಕಾರ್ಯದರ್ಶಿ. ಬೆಳಗಿನ ಜಾವ ಟವೆಲು ಹೆಗಲಿಗೇರಿಸಿಕೊಂಡು ಬಂದ ವಿಕ್ಟರ್ ತನ್ನ ಸರದಿಯನ್ನು ತಾನಾಗಿಯೇ ಬಿಟ್ಟುಕೊಟ್ಟ. ಐದು ವರ್ಷಗಳಲ್ಲಿ ಹಾಗೆ ಒಮ್ಮೆಯೂ ಆಗಿರಲಿಲ್ಲ.

"ನೀವು ಹೋಗಿ ಕೊರಗಪ್ಪಣ್ಣ. ದೊಡ್ಡವರು."

"ಎಂತ ಮಾರಾಯ, ಹುಷಾರಿಲ್ವಾ?"

ವಿಕ್ಟರ್ ಫೋನು ಚಾಚಿದ. ಅದರಲ್ಲಿ ಕೊರಗಪ್ಪನ ಫೋಟೋ ಇತ್ತು. ಕಂಪೆನಿಯ ಗುರುತಿನ ಚೀಟಿಯಲ್ಲಿರುವ, ರಜೆ ಕೇಳಲು ಬಂದವನಂಥ ಮುಖದ್ದು. ಕೆಳಗೆ ದಪ್ಪಕ್ಷರದ ಇಂಗ್ಲಿಷಿನಲ್ಲಿ, 'ನಿವೃತ್ತ ಸ್ಟಾಕ್ ಕಾರ್ ರೇಸರ್ ಕೊರಗಪ್ಪ: ಬದುಕು, ವೃತ್ತಿ, ಆಸ್ತಿ.' ತೊಂಬತ್ತರ ದಶಕದಲ್ಲಿ ಮರಳುಗಾಡಿನ ಟ್ರ್ಯಾಕುಗಳನ್ನು ನಡುಗಿಸಿದವನಂತೆ. ಗೆದ್ದದ್ದು ಹದಿನೇಳು ರೇಸು. ಪ್ರಚಾರದಿಂದ ದೂರ, ಅತ್ಯಂತ ಸರಳ ಜೀವನ. ಒಟ್ಟು ಆಸ್ತಿ ನಲವತ್ತು ಲಕ್ಷ ಡಾಲರು.

"ಸ್ಟಾಕ್ ಕಾರ್ ಅಂದ್ರೆ ಎಂತ ಮಗಾ?" ಕೊರಗಪ್ಪ ಮಗಳನ್ನು ಎಬ್ಬಿಸಿ ಕೇಳಿದ.

"ಪಪ್ಪಾ, ಸೀರಿಯಸ್ಲಿ? ನೋಡ್ಲಿಕ್ಕೆ ನಾರ್ಮಲ್ ಕಾರ್. ಒಂದೇ ಟ್ರ್ಯಾಕಲ್ಲಿ ರೌಂಡ್ ಅಂಡ್ ರೌಂಡ್ ಹೋಗೂದು."

"ಅದನ್ನು ಪಾರ್ಕಿಂಗ್ ಹುಡುಕುವವರೆಲ್ಲ ಇಲ್ಲಿ ದಿನಾ ಮಾಡ್ತಾರಲ್ಲ," ಎಂದಳು ಅಪ್ಪಿ. ಆದರೂ ಗಂಡನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. "ನೀವು ನಂಗೆ ಹೇಳದೆ ಏನಾದ್ರೂ ಇಟ್ಟಿದ್ದೀರಾ?"

ಬೇರೆ ದಿನವಾಗಿದ್ದರೆ ಕೊರಗಪ್ಪ ನಕ್ಕುಬಿಡುತ್ತಿದ್ದ. ಆದರೆ ಆ ವಾರ ಅವನಿಗೆ ಅರವತ್ತು ತುಂಬುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಅವನು ಶಾಲಾ ಬಸ್ಸು ಓಡಿಸುತ್ತಿದ್ದ. ಒಂದು ಅಪಘಾತವಿಲ್ಲ, ಒಂದು ಫೈನ್ ಇಲ್ಲ. ಅರವತ್ತು ದಾಟಿದ ಡ್ರೈವರನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬುದು ಆ ಕಂಪೆನಿಯಲ್ಲಿ ಮುದೀರರ, ಅಂದರೆ ದೊಡ್ಡ ಮ್ಯಾನೇಜರರ, ಮರ್ಜಿಗೆ ಬಿಟ್ಟದ್ದು. ಅವನ ಫೈಲು ಅಂದು ಸಂಜೆ ನಾಲ್ಕಕ್ಕೆ ಮುದೀರರ ಮೇಜಿಗೆ ಹೋಗಲಿತ್ತು. ಅವರು ಸಹಿ ಹಾಕಿದರೆ ಇನ್ನೆರಡು ವರ್ಷ ವೀಸಾ, ಮಗಳ ಹನ್ನೆರಡನೇ ಕ್ಲಾಸು ಇಲ್ಲಿಯೇ ಮುಗಿಯುತ್ತದೆ. ಹಾಕದಿದ್ದರೆ ತಿಂಗಳೊಳಗೆ ಮೂವರೂ ಪೆಟ್ಟಿಗೆ ಕಟ್ಟಬೇಕು. ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಆಲ್ಫೋನ್ಸ್ ಹಳೆಯ ಸ್ನೇಹಿತ. "ತಲೆಬಿಸಿ ಮಾಡ್ಬೇಡ, ನಾನೊಂದು ದಾರಿ ನೋಡ್ತೇನೆ," ಎಂದಿದ್ದ. ಕೊರಗಪ್ಪ ಅವನಿಗೆ ಫೋನು ಮಾಡಿದ. ಸ್ವಿಚ್ ಆಫ್. ಕಂಪೆನಿ ಕೆಲಸಕ್ಕೆ ಅಬುಧಾಬಿಗೆ ಹೋದ ಆಲ್ಫೋನ್ಸ್ ಯಾವತ್ತೂ ಚಾರ್ಜರ್ ಮರೆತೇ ಹೋಗುವವನು.

ಸಿಲಿಕಾನ್ ಓಯಸಿಸ್‌ನ ಮೊದಲ ಸ್ಟಾಪಿಗೆ ಬಸ್ಸು ತಲುಪುವಷ್ಟರಲ್ಲಿ ಸುದ್ದಿ ಅಲ್ಲಿಗೆ ಬಂದು ಕೂತಿತ್ತು. ತಾಯಂದಿರ ವಾಟ್ಸ್ಆ್ಯಪ್ ಗ್ರೂಪಿನ ಮುಖ್ಯಸ್ಥೆ ನಫೀಸಾ ಮಗಳು ಮನಾಲಳನ್ನು ಬಸ್ಸಿಗೆ ಹತ್ತಿಸಿ, ಕಿಟಕಿಯ ಬಳಿ ಬಂದು ನಿಂತಳು.

"ಕೊರಗಪ್ಪ ಭಾಯ್, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಆದ್ರೆ ರೇಸರ್ ಕೈಗೆ ಮಕ್ಕಳ ಬಸ್ ಯಾರು ಕೊಡ್ತಾರೆ ಹೇಳಿ. ಇವತ್ತು ನಾವೆಲ್ಲ ಟೈಮ್ ನೋಡ್ತೇವೆ."

"ನಾನು ರೇಸರ್ ಅಲ್ಲ ಬಾಯಮ್ಮ."

"ಚಟ ಒಳಗೇ ಇರ್ತದೆ ಭಾಯ್. ನಮ್ಮ ಯಜಮಾನರು ಸಿಗರೇಟು ಬಿಟ್ಟು ಆರು ವರ್ಷ, ಈಗ್ಲೂ ಬಾಲ್ಕನಿಗೆ ಹೋಗಿ ನಿಲ್ತಾರೆ."

ಆ ಮಾತು ಕೊರಗಪ್ಪನ ಎದೆಗೆ ನಾಟಿತು. ಮುದೀರರೂ ಹೀಗೆಯೇ ಯೋಚಿಸಿದರೆ? ಅಂದು ಅವನು ಬಸ್ಸನ್ನು ತುಂಬಿದ ಸಾರಿನ ಪಾತ್ರೆಯ ಹಾಗೆ ಒಯ್ದ. ನೀರಿನ ಟ್ಯಾಂಕರು ಹಿಂದಿಕ್ಕಿತು. ಕಾಂಕ್ರೀಟ್ ಕಲಸುವ ಲಾರಿ ಹಿಂದಿಕ್ಕಿತು. ಆಮೇಲೆ ಒಂದು ಕ್ರೇನು ಹಿಂದಿಕ್ಕಿತು. ಅದರ ಡ್ರೈವರು ಕೆಳಗೆ ಬಗ್ಗಿ ಕನಿಕರದಿಂದ ನೋಡಿದ. "ಅಂಕಲ್, ಓವರ್‌ಟೇಕ್ ಹಿಮ್," ಎಂದು ನಲವತ್ತು ಮಕ್ಕಳು ಒಂದೇ ದನಿಯಲ್ಲಿ ಕೂಗುತ್ತಿದ್ದರು. ಶಾಲೆ ತಲುಪಿದಾಗ ಮೂವತ್ತೈದು ನಿಮಿಷ ತಡ. ಪ್ರಾರ್ಥನೆ ಮುಗಿದು ಗೇಟು ಹಾಕಿಯಾಗಿತ್ತು.

ಒಂಬತ್ತಕ್ಕೆ ತಾಯಂದಿರ ಗ್ರೂಪು ಹೊಸ ತೀರ್ಮಾನಕ್ಕೆ ಬಂತು: ನಲವತ್ತು ಲಕ್ಷ ಡಾಲರು ಇರುವವನಿಗೆ ಹೊತ್ತಿನ ಹಂಗೇಕೆ? ಹತ್ತಕ್ಕೆ ಶಾಲೆಯಿಂದ ಕಂಪೆನಿಗೆ ದೂರು ಹೋಯಿತು. ಕೊರಗಪ್ಪನಿಗೆ ಎರಡು ವಿಷಯ ಸ್ಪಷ್ಟವಾದವು. ರೇಸರ್ ಎಂದಾದರೆ ಮುದೀರರು ಮಕ್ಕಳ ಬಸ್ಸು ಕೊಡುವುದಿಲ್ಲ. ಶ್ರೀಮಂತ ಎಂದಾದರೆ ಕೆಲಸವನ್ನೇ ಕೊಡುವುದಿಲ್ಲ. ತಾನು ಇವೆರಡೂ ಅಲ್ಲ ಎಂದು ಬಲವಾದ ಯಾರಾದರೂ ಕಾಗದದಲ್ಲಿ ಬರೆದುಕೊಡಬೇಕು.

ಬಲವಾದವರೆಂದರೆ ಸಂಘದ ಅಧ್ಯಕ್ಷ ಮುಝಫ್ಫರ್. ಭಟ್ಕಳದವರು, ದೇರಾದಲ್ಲಿ ಬಟ್ಟೆ ಅಂಗಡಿ, ಒಂಬತ್ತು ವರ್ಷದಿಂದ ಅವಿರೋಧ ಅಧ್ಯಕ್ಷರು. ಎರಡು ಟ್ರಿಪ್ಪಿನ ನಡುವಿನ ಬಿಡುವಿನಲ್ಲಿ ಕೊರಗಪ್ಪ ಅಲ್ಲಿಗೆ ಹೋದಾಗ ವಿಕ್ಟರ್ ಆಗಲೇ ಕೆಲಸಕ್ಕೆ ಚಕ್ಕರ್ ಹೊಡೆದು ಬಂದು ಕೂತಿದ್ದ. ಇಬ್ಬರೂ ಎದ್ದು ನಿಂತರು. ಸುಲೈಮಾನಿ ಚಹಾ ಬಂತು, ಖರ್ಜೂರ ಬಂತು. ಮುಝಫ್ಫರ್ ಸ್ವತಃ ಬೀಜ ತೆಗೆದುಕೊಟ್ಟರು.

"ಈ ಶುಕ್ರವಾರ ವಾರ್ಷಿಕೋತ್ಸವದಲ್ಲಿ ನಿಮಗೆ ಸನ್ಮಾನ, ಕೊರಗಪ್ಪ ಭಾಯ್. ಶಾಲು ಮಾತ್ರ ಅಲ್ಲ, ಪೇಟ ಕೂಡ."

ಕೊರಗಪ್ಪ ಖರ್ಜೂರವನ್ನು ತಟ್ಟೆಗೆ ವಾಪಸ್ಸಿಟ್ಟ. ಆ ಸಂಘದಲ್ಲಿ ಸನ್ಮಾನಕ್ಕೊಂದು ಕ್ರಮವಿತ್ತು. ಶಾಲು ಹೊದಿಸಿಕೊಂಡವನು ಊಟದ ಖರ್ಚು ಹೊರಬೇಕು. ಪೇಟವೂ ಸೇರಿದರೆ ಸಭಾಂಗಣದ ಬಾಡಿಗೆಯೂ ಅವನದೇ.

"ನನ್ನ ಹತ್ರ ಎಂತದೂ ಇಲ್ಲ ಮುಝಫ್ಫರ್ ಭಾಯ್. ಆ ನೆಟ್ಟಿನದ್ದೆಲ್ಲ ಸುಳ್ಳು."

"ನೋಡಿದ್ಯಾ ವಿಕ್ಟರ್. ನಿಜವಾದ ದುಡ್ಡಿನವರು ಹೀಗೇ ಹೇಳೂದು."

"ಬಚ್ಚಲಿಗೆ ಕ್ಯೂ ನಿಲ್ತೇನೆ ನಾನು. ವಿಕ್ಟರ್ ದಿನಾ ನೋಡ್ತಾನೆ."

"ಸರಳತೆ," ಎಂದ ವಿಕ್ಟರ್ ಭಕ್ತಿಯಿಂದ. "ಅದರಲ್ಲೇ ಬರ್ದಿದ್ದಾರೆ."

"ಈ ಅಂಗಿ ನೋಡಿ, ಕಾಲರ್ ತಿರುಗಿಸಿ ಹೊಲಿಸಿದ್ದು."

"ಹಾಗೆ ಉಳಿಸಿಯೇ ಅಲ್ವಾ ನಲವತ್ತು ಲಕ್ಷ ಆದದ್ದು," ಎಂದರು ಮುಝಫ್ಫರ್.

ಅರ್ಧ ಗಂಟೆ ಹೀಗೆಯೇ ಕಳೆಯಿತು. ಕೊರಗಪ್ಪ ಎಷ್ಟು ಬಡವನಾದನೋ ಅವರ ಕಣ್ಣಲ್ಲಿ ಅಷ್ಟಷ್ಟು ಶ್ರೀಮಂತನಾದ. ಕೊನೆಗೆ ಅವನಿಗೆ ರೋಸಿಹೋಯಿತು.

"ಸರಿ, ಒಪ್ಪಿದೆ. ಊಟ ನಂದು, ಬಾಡಿಗೆ ನಂದು. ಹಾಗಾದ್ರೆ ಬರುವ ವರ್ಷ ಅಧ್ಯಕ್ಷ ಕೂಡ ನಾನೇ."

ಮುಝಫ್ಫರರ ಚಹಾದ ಲೋಟ ತುಟಿಗೆ ಎರಡಿಂಚು ದೂರದಲ್ಲಿ ನಿಂತಿತು.

"ವಿಕ್ಟರ್," ಎಂದರು ಅವರು ನಿಧಾನವಾಗಿ, "ಇವ್ರಿಗೆಲ್ಲಿಯ ದುಡ್ಡು ಮಾರಾಯ? ಪಾಪದ ಮನುಷ್ಯ. ನೆಟ್ಟಿನಲ್ಲಿ ಯಾರೋ ಏನೋ ಗೀಚಿದ್ರೆ ನೀನು ನಂಬಿ ಓಡಿ ಬರೂದಾ? ಲೆಟರ್‌ಹೆಡ್ ತೆಗಿ."

ಕಾಗದ ಹತ್ತು ನಿಮಿಷದಲ್ಲಿ ತಯಾರಾಯಿತು. ಶ್ರೀ ಕೊರಗಪ್ಪನವರನ್ನು ಸಂಘ ಇಪ್ಪತ್ತು ವರ್ಷದಿಂದ ಬಲ್ಲದು, ಅವರು ಯಾವ ರೇಸಿನಲ್ಲೂ ಭಾಗವಹಿಸಿದವರಲ್ಲ, ಅವರಲ್ಲಿ ಯಾವ ವಿಶೇಷವೂ ಇಲ್ಲ, ಆಸ್ತಿ ಸೊನ್ನೆ. ವಿಕ್ಟರ್ ಒಂದು ಸೀಲು ಹೊಡೆದ. ಮುಝಫ್ಫರ್ ಅದನ್ನು ಕಿತ್ತುಕೊಂಡು ಇನ್ನೂ ಎರಡು ಹೊಡೆದರು. ಖರ್ಜೂರದ ತಟ್ಟೆ ಅಷ್ಟರಲ್ಲಿ ಒಳಗೆ ಹೋಗಿತ್ತು.

ಮಧ್ಯಾಹ್ನದ ಟ್ರಿಪ್ಪು ಮುಗಿಸಿ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕೊರಗಪ್ಪ ಮುದೀರರ ಕೋಣೆಗೆ ಹೋದ. ಮುದೀರರು ಈಜಿಪ್ಟಿನವರು, ಹಿಂದಿಯನ್ನು ಅರಬ್ಬಿಯ ಹಾಗೆ ಮಾತಾಡುವವರು. ಎದುರಿಗೆ ಅವನ ಫೈಲು ತೆರೆದೇ ಇತ್ತು. ಅವರು ಸೀಲುಗಳ ಕಾಗದವನ್ನು ಎರಡು ಸಲ ಓದಿದರು.

"ರೇಸು ಮಾಫಿ? ಇಲ್ಲ?"

"ಇಲ್ಲವೇ ಇಲ್ಲ ಸರ್. ಸೈಕಲ್ಲಿನಲ್ಲೂ ಇಲ್ಲ."

"ಸರಿ ಯೋಚಿಸಿ ಹೇಳು. ಹಿಂದೆ ಒಮ್ಮೆಯಾದರೂ? ಚಿಕ್ಕದು?"

ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡ ಕೊರಗಪ್ಪ ಇನ್ನೂ ನೆಟ್ಟಗೆ ನಿಂತ. "ವಲ್ಲಾಹಿ, ದೇವರಾಣೆ, ಒಮ್ಮೆಯೂ ಇಲ್ಲ. ಇಪ್ಪತ್ತೆರಡು ವರ್ಷ ಬಸ್ಸು ಮಾತ್ರ."

ಮುದೀರರು ಕನ್ನಡಕ ತೆಗೆದರು. ಎದ್ದು ಬಂದು ಅವನ ಎರಡೂ ಕೈ ಹಿಡಿದು ಕುಲುಕಿದರು. "ಈ ಕಾಲದಲ್ಲಿ ಇಂಥ ಪ್ರಾಮಾಣಿಕ ಮನುಷ್ಯ," ಎಂದರು. ಆಮೇಲೆ ಕುಳಿತು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಏನೋ ಬರೆದರು.

ಕೊರಗಪ್ಪ ಹಗುರಾಗಿ ಹೊರಬಂದ. ಲಿಫ್ಟಿನಿಂದ ಆಲ್ಫೋನ್ಸ್ ಏದುಸಿರು ಬಿಡುತ್ತಾ ಇಳಿಯುತ್ತಿದ್ದ.

"ಸಹಿ ಹಾಕಿದ್ರಾ?"

"ಹಾಕಿದ್ರು ಅಂತ ಕಾಣ್ತದೆ. ಕೈ ಕುಲುಕಿದ್ರು."

"ಅಬ್ಬ. ನಾನು ಹೇಳಿದ್ದೆ ಅಲ್ವಾ ದಾರಿ ಮಾಡ್ತೇನೆ ಅಂತ. ಅರವತ್ತು ದಾಟಿದವ್ರಲ್ಲಿ ವಿಶೇಷ ಪರಿಣತಿ ಇದ್ರೆ ಮಾತ್ರ ಇಟ್ಕೊಳ್ಳೂದಂತೆ. ಇಪ್ಪತ್ತೆರಡು ವರ್ಷ ಆಕ್ಸಿಡೆಂಟ್ ಇಲ್ಲ ಅಂದೆ. ಡ್ರೈವರ್ ಅಂದ್ಮೇಲೆ ಅದು ಇರ್ಲೇಬಾರದಲ್ಲ, ಅದ್ರಲ್ಲಿ ವಿಶೇಷ ಎಂತ ಅಂತ ಕೇಳಿದ್ರು. ಮತ್ತೆ ಎಂತ ಮಾಡೂದು? ನೆಟ್ಟಿನಲ್ಲಿ ದುಡ್ಡು ಕೊಟ್ರೆ ಯಾರ ಬಗ್ಗೆ ಬೇಕಾದ್ರೂ ಬರೀತಾರೆ. ನಿನ್ನನ್ನು ರೇಸರ್ ಮಾಡಿಸಿದೆ. ಪ್ರಿಂಟ್ ತೆಗ್ದು ಫೈಲಿಗೆ ಹಾಕಿದ್ದೆ."

ಕೊರಗಪ್ಪ ಮುದೀರರ ಬಾಗಿಲ ಕಡೆ ತಿರುಗಿ ನೋಡಿದ. "ನಲವತ್ತು ಲಕ್ಷ ಡಾಲರು?"

"ಆಸ್ತಿಯ ಕಾಲಂ ಖಾಲಿ ಬಿಟ್ರೆ ಆ ಫಾರ್ಮು ಮುಂದೆ ಹೋಗೂದಿಲ್ಲ ಮಾರಾಯ. ಬೇರೊಬ್ಬ ರೇಸರಿನದ್ದು ನೋಡಿ ಹಾಕಿದೆ."

"ನಂಗೆ ಒಂದು ಮಾತು ಹೇಳ್ಬಹುದಿತ್ತಲ್ಲ, ಆಲ್ಫೋನ್ಸ್."

"ಹೇಳಿದ್ರೆ ನೀನು ಒಪ್ತಿದ್ಯಾ? ನಿಂಗೆ ಸುಳ್ಳು ಹೇಳ್ಲಿಕ್ಕೆ ಬರ್ತದಾ?"

ಕೋಣೆಯ ಬಾಗಿಲು ತೆರೆಯಿತು. ಮುದೀರರು ಸಂಘದ ಕಾಗದವನ್ನು ಎತ್ತಿ ಹಿಡಿದು ಕ್ಲರ್ಕಿಗೆ ಹೇಳುತ್ತಿದ್ದರು: ಇದಕ್ಕೆ ಫ್ರೇಮ್ ಹಾಕಿಸಿ ಎಲ್ಲ ಡ್ರೈವರುಗಳಿಗೂ ಕಾಣುವ ಹಾಗೆ ತೂಗುಹಾಕಬೇಕು, ಇವನ ವೀಸಾ ಕ್ಯಾನ್ಸಲ್ ಕೆಲಸ ಇವತ್ತೇ ಶುರುವಾಗಬೇಕು, ಒಳ್ಳೆಯ ಮನುಷ್ಯ, ಕಾಯಿಸಬಾರದು. ಖಲಾಸ್.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಪ್ಪಿ.

"ಎಂತಾಯ್ತು? ಕಾಗದ ಕೊಟ್ರಾ? ನೀವು ಹೇಳಿದ್ದನ್ನು ನಂಬಿದ್ರಾ ಅವ್ರು?"

"ನಂಬಿದ್ರು ಅಪ್ಪಿ," ಎಂದ ಕೊರಗಪ್ಪ. "ಬೆಳಿಗ್ಗೆಯಿಂದ ಇವರೊಬ್ಬರೇ ನಂಬಿದ್ದು."