ಹದಿನಾಲ್ಕು ಸಲಹೆ ಕೊಟ್ಟ ಬಿಳಿ ಟೋಪಿಯ ತರಬೇತುದಾರರಿಗೆ

ಮಾನ್ಯರೇ,

ಮೊಬೈಲ್ ಟೆನಿಸ್ ಆಟದ ಪರದೆಯ ಮೂಲೆಯಲ್ಲಿ ನಿಂತು, ಗೆದ್ದವರನ್ನೂ ಸೋತವರನ್ನೂ ಒಂದೇ ನಗುವಿನಿಂದ ನೋಡುವ ತಮ್ಮ ಸನ್ನಿಧಾನಕ್ಕೆ ತಿರುಚಿರಾಪಳ್ಳಿಯ ಮುತ್ತುಕರುಪ್ಪನ್ ಮಾಡುವ ಸವಿನಯ ನಮಸ್ಕಾರಗಳು. ನಾನು ಇಲ್ಲಿನ ಕ್ಲಬ್ಬೊಂದರಲ್ಲಿ ಮೂವತ್ತೊಂದು ವರ್ಷದಿಂದ ಟೆನಿಸ್ ಮಾರ್ಕರ್. ಅಂದರೆ ಅಂಗಳ ಸಜ್ಜುಮಾಡಿ, ಡಾಕ್ಟರುಗಳಿಗೂ ವಕೀಲರಿಗೂ ಅವರ ಮನಸ್ಸು ನೋಯದಂತೆ ಚೆಂಡು ಹೊಡೆದುಕೊಡುವವನು.

ಪೊಂಗಲ್‌ಗೆ ಬಂದಿದ್ದ ಮಗಳು ಕಯಲ್ವಿಳಿ ತಮ್ಮ ಆಟವನ್ನು ನಮ್ಮಿಬ್ಬರ ಫೋನಿಗೂ ಹಾಕಿಕೊಟ್ಟು ಹೋದಳು. ಅಂದಿನಿಂದ, ಜನ್ಮದಲ್ಲಿ ರ‍್ಯಾಕೆಟ್ ಮುಟ್ಟದ ನನ್ನ ಹೆಂಡತಿ ಪೊನ್ನುತ್ತಾಯಿ, ನುಗ್ಗೆಸೊಪ್ಪು ಬಿಡಿಸುವ ಬೆರಳಿನಿಂದಲೇ ನನ್ನನ್ನು ಹತ್ತೊಂಬತ್ತು ದಿನ ಸತತವಾಗಿ ಸೋಲಿಸಿದಳು. ಮೇಲಿಂದ, "ಏನ್ ಮಾಸ್ಟರೇ, ಕೈ ನಡುಗ್ತಿದ್ಯಾ?" ಎಂಬ ವಿಚಾರಣೆ ಬೇರೆ.

ಬೇರೆ ದಾರಿ ಕಾಣದೆ ತಮ್ಮ ಹದಿನಾಲ್ಕು ಸಲಹೆಗಳಿಗೆ ಶರಣಾದೆ. ಪ್ರತಿ ಹೊಡೆತದ ನಂತರ ಅಂಗಳದ ನಡುವಿಗೆ ಮರಳಬೇಕೆಂದಿರಿ. ಇದನ್ನೇ ಸಾವಿರಾರು ಜನರಿಗೆ ಹೇಳಿ ಗಂಟಲು ಒಣಗಿಸಿಕೊಂಡವನಾದ್ದರಿಂದ ತಮ್ಮ ಜ್ಞಾನಕ್ಕೆ ತಲೆಬಾಗಿದೆ. ಚೆಂಡು ಪುಟಿದು ಮೇಲೇರುವವರೆಗೆ ಬೆರಳು ತಡೆಯಿರಿ ಎಂದಿರಿ; ತಡೆದೆ, ಚೆಂಡು ಹೋಗಿತ್ತು. ಎದುರಾಳಿಯ ದೌರ್ಬಲ್ಯ ಗುರುತಿಸಿ ಅಲ್ಲಿಗೇ ಹೊಡೆಯಿರಿ ಎಂದಿರಿ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿಯೂ ಆಕೆಯ ದೌರ್ಬಲ್ಯ ನನಗೆ ಸಿಕ್ಕಿಲ್ಲ, ತಮಗೇನಾದರೂ ಸಿಕ್ಕಿದ್ದರೆ ಮರುಟಪಾಲಿನಲ್ಲಿ ತಿಳಿಸಬೇಕು. ಗುಂಡಿ ಒತ್ತಿದರೆ ಆಟಗಾರನ ಕಾಲಿಗೆ ಬಲ ಬರುತ್ತದೆಂದೂ ಅಪ್ಪಣೆ ಕೊಡಿಸಿದ್ದೀರಿ. ಅಂಥದೊಂದು ಗುಂಡಿಯನ್ನು ನನ್ನ ಎಡಮೊಣಕಾಲಿಗೂ ಜೋಡಿಸಿಕೊಡಬೇಕಾಗಿ ಬೇಡುತ್ತೇನೆ.

ಇಪ್ಪತ್ತನೆಯ ದಿನವೂ ಸೋತಾಗ ನನ್ನ ನಾಲಗೆ ಜಾರಿತು. "ಇದೆಲ್ಲ ಬರೀ ಬೆರಳಾಟ. ನಿಜವಾದ ಅಂಗಳದಲ್ಲಿ ಒಂದೇ ಒಂದು ಚೆಂಡು ದಾಟಿಸು, ನೋಡೋಣ" ಎಂದೆ.

ಪೊನ್ನುತ್ತಾಯಿ ಫೋನ್ ಕೆಳಗಿಟ್ಟಳು. "ಒಂದ್ ಸಲನಾದ್ರೂ ಒಳಗೆ ಕರ್ಕೊಂಡು ಹೋಗಿದ್ದೀರೇನ್ರೀ? ಗೇಟ್ ಹತ್ರ ಊಟದ ಡಬ್ಬಿ ಕೊಟ್ಟು ವಾಪಸ್ ಬರೋಳು ನಾನು. ನಿಮ್ಮ ಅಂಗಳದ ಮಣ್ಣು ಕೆಂಪಗಿದೆ ಅಂತ ನಿಮ್ಮ ಬಟ್ಟೆ ಒಗ್ದು ತಿಳ್ಕೊಂಡೆ."

ಇದಕ್ಕೆ ಉತ್ತರ ಹುಡುಕಿ ತಮ್ಮ ಸಲಹೆಗಳನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಓದಿದೆ. ಇರಲಿಲ್ಲ.

ಸಿಬ್ಬಂದಿಯ ಮನೆಯವರಿಗೆ ಕ್ಲಬ್ಬಿನೊಳಗೆ ಪ್ರವೇಶವಿಲ್ಲ. ಆದರೂ, ಕೆಲಸ ಹೋದರೆ ಹೋಗಲಿ ಎಂದುಕೊಂಡು ಕಾರ್ಯದರ್ಶಿಯವರನ್ನು ಕೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸೋಮವಾರ ರಜಾ ತಾನೆ? ಕರ್ಕೊಂಡು ಬಾರಪ್ಪಾ, ನಾನೇನೂ ನೋಡಿಲ್ಲ" ಎಂದರು.

ಸೋಮವಾರ ಪೊನ್ನುತ್ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಳದಲ್ಲಿ ಬರಿಗಾಲಲ್ಲಿ ನಿಂತಳು. ಎಂಟು ಚೆಂಡು ಬಲೆಗೆ ಬಿದ್ದವು, ಎರಡು ಬೇಲಿ ದಾಟಿದವು. ರ‍್ಯಾಕೆಟ್ ಹಿಡಿಯುವ ಬಗೆ ಹೇಳಲು ನಾನು ಬಾಯಿ ತೆರೆದರೆ, "ಸುಮ್ನೆ ಚೆಂಡು ಹಾಕ್ರೀ" ಎಂದಳು. ಹನ್ನೊಂದನೆಯದು ಬಲೆ ದಾಟಿ ಹಿಂದಿನ ಗೆರೆಯ ಕಡೆಗೆ ಹೋಯಿತು. ಆಕೆ ನಕ್ಕಿದ್ದನ್ನು ನೋಡುತ್ತಿದ್ದ ನಾನು ಚೆಂಡು ಎಲ್ಲಿ ಬಿತ್ತೆಂದು ನೋಡಲಿಲ್ಲ, ಆದರೂ, ಗೆರೆಯ ವಿಷಯಕ್ಕೆ ಈ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಸುಳ್ಳಾಡದ ನಾನು, "ಒಳಗೆ!" ಎಂದು ಕೂಗಿಬಿಟ್ಟೆ.

ಆದಕಾರಣ, ಎದುರಾಳಿಯ ಮುಖ ನೋಡಬೇಡಿ, ತೀರ್ಪು ಕೆಡುತ್ತದೆ ಎಂಬ ಹದಿನೈದನೆಯ ಸಲಹೆಯನ್ನು ತಾವು ಕೂಡಲೇ ಸೇರಿಸಿ ಮುಂದಿನ ಗಂಡಸರನ್ನು ಕಾಪಾಡಬೇಕಾಗಿ ಪ್ರಾರ್ಥನೆ.

ಇಪ್ಪತ್ತು ಸೋಲುಗಳ ಬಳಿಕವೂ ತಮ್ಮ ವಿಶ್ವಾಸಿ,
ಮುತ್ತುಕರುಪ್ಪನ್

ಮರೆತ ಮಾತು: "ಮೂರು ದಿನದಿಂದ ನೀವು ಆಡಿಲ್ಲ, ನಿಮ್ಮ ಕೌಶಲ ತುಕ್ಕು ಹಿಡಿಯುತ್ತಿದೆ" ಎಂಬ ತಮ್ಮ ಎಚ್ಚರಿಕೆ ತಲುಪಿತು. ಪೊನ್ನುತ್ತಾಯಿಯ ಭುಜ ಹಿಡಿದುಕೊಂಡಿದೆ. ನಾನು ಎಳ್ಳೆಣ್ಣೆ ಬಿಸಿಮಾಡಿ ತಿಕ್ಕುತ್ತಿದ್ದೇನೆ. ತಮಗೂ ನೋಯುವ ಒಂದು ಭುಜವಿದ್ದಿದ್ದರೆ ನಾವು ಆಡದ ಕಾರಣ ಹೇಳದೆಯೇ ತಿಳಿಯುತ್ತಿತ್ತು.