ಮಂಚಕ್ಕೆ ಕಾಲುವೆಯ ಇಳಿಜಾರು

ನುಂಗಿದ ಗುಳಿಗೆ ಪಾದದವರೆಗೆ ಹೇಗೆ ಹೋಗುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಕಾಲುವೆಗೆ ನೀರು ಬಿಡಿಸುತ್ತಲೇ ತಲೆ ಬೆಳ್ಳಗಾದವನು ನಾನು. ಬಾಯಿ ಎಂದರೆ ಗೇಟು. ಹೊಟ್ಟೆ ಎಂದರೆ ಕೆರೆ. ರಕ್ತನಾಳಗಳು ಉಪಕಾಲುವೆಗಳು. ಪಾದ ಕಟ್ಟಕಡೆಯ ಹೊಲ, ನಮ್ಮ ಇಲಾಖೆಯ ಮಾತಿನಲ್ಲಿ ‘ಟೇಲು’. ಕಡೆಯ ಹೊಲಕ್ಕೆ ನೀರು ಮುಟ್ಟದಿದ್ದರೆ ಕಾರಣ ಒಂದೇ: ಇಳಿಜಾರು ಸಾಲದು!

ನನ್ನ ಹೆಂಡತಿ ನೀಲಮ್ಮನ ಎರಡೂ ಕಿಡ್ನಿಗಳು ಸೋಲುತ್ತಿವೆ ಎಂದು ಯಾದಗಿರಿಯ ಡಾಕ್ಟರು ಹೇಳಿದ್ದರು. ಅವಳು ಅತ್ತಿದ್ದು ಮಾತ್ರ ಪಾದದ ನೋವಿಗೆ. ಕಿಡ್ನಿಯನ್ನು ಡಾಕ್ಟರಿಗೆ ಬಿಟ್ಟು, ಪಾದವನ್ನು ನನ್ನ ಇಲಾಖೆಗೆ ಸೇರಿಸಿಕೊಂಡೆ. ನೋವಿನ ಗುಳಿಗೆ ನುಂಗಿದರೂ ನೋವು ಜಗ್ಗುತ್ತಿರಲಿಲ್ಲ. ಸ್ಥಳ ಪರಿಶೀಲನೆ ನಡೆಸಿದೆ. ಮಂಚ ಸಪಾಟಾಗಿತ್ತು! ತಲೆದಿಂಬಿನ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು, ಮೇಲೆ ಇಳಿಜಾರು ಅಳೆಯುವ ರಸಮಟ್ಟ ಇಟ್ಟು ನೋಡುತ್ತಿದ್ದೆ.

“ಏನ್ ಮಾಡಾಕತ್ತೀರಿ?” ಎಂದಳು.

“ಗುಳಿಗಿ ಕಾಲಿನತನಕ ಹರೀಬೇಕಲ್ಲ? ಇಳಿಜಾರು ಕೊಡಾಕತ್ತೀನಿ.”

“ಗುಳಿಗಿ ಹರೀತದೋ ಇಲ್ಲೋ, ನಾ ಹರಿಯೋದಂತೂ ಖರೆ.”

ಹರಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಮೊಣಕಾಲುಗಳು ಮಂಚದ ಆಚೆಗಿದ್ದವು. ನಾನು ಧೃತಿಗೆಡಲಿಲ್ಲ. ಕಾಲ ಕಡೆ ಹಲಗೆಯ ಒಡ್ಡು ಕಟ್ಟಿ, ತಲೆಯ ಕಡೆ ಇನ್ನಷ್ಟು ಇಟ್ಟಿಗೆ ಏರಿಸಿದೆ. ಮರುದಿನ ಒಡ್ಡು ಒಡೆಯಿತು! ಪಕ್ಕದ ಮನೆಯ ಗುರಮ್ಮ ಅಂಗಳದಲ್ಲಿದ್ದ ನನ್ನನ್ನು ಕೂಗಿದಳು:

“ಸಾಹೇಬ್ರ, ಅಕ್ಕಾವ್ರು ಮಂಚದ ಮ್ಯಾಲ ಇಲ್ರಿ! ದಿಂಬು ಸಮೇತ ನೆಲಕ್ಕ ಕುಂತಾರ!”

ನೀಲಮ್ಮ ನಗುತ್ತಿದ್ದಳು. “ನೀರು ಟೇಲಿಗೆ ಮುಟ್ಟೇದಂತ ಮ್ಯಾಲಿನವರಿಗೆ ಬರೀರಿ” ಎಂದಳು.

ಅದಾದ ಮೇಲೆ ಅವಳು ಹೆಚ್ಚು ಹೆಚ್ಚು ಮಲಗತೊಡಗಿದಳು. ನರಳಾಟ ನಿಂತಿತು. ಯೋಜನೆ ಯಶಸ್ವಿ! ಗುರಮ್ಮನ ಮುಂದೆ ಎದೆ ಉಬ್ಬಿಸಿಕೊಂಡು ಅಡ್ಡಾಡಿದೆ. ಒಂದು ಮುಂಜಾನೆ ಎಷ್ಟು ಅಲುಗಾಡಿಸಿದರೂ ನೀಲಮ್ಮ ಕಣ್ಣು ಬಿಡಲಿಲ್ಲ. ಆಗ ಜೀಪು ಹುಡುಕಿಕೊಂಡು ಯಾದಗಿರಿಗೆ ಓಡಿದೆವು.

ಅವಳಿಗೆ ಎಚ್ಚರ ಬಂದ ಮೇಲೆ ನನ್ನ ಇಟ್ಟಿಗೆಯ ವೃತ್ತಾಂತವನ್ನು ಡಾಕ್ಟರು ಪೂರ್ತಿ ಕೇಳಿದರು. ನಗಲಿಲ್ಲ.

“ಇಳಿಜಾರಿಂದ ಹರಿಯೋದಲ್ರೀ ಯಜಮಾನ್ರ. ಗುಳಿಗಿ ಕರುಳಿನಾಗಿಂದ ರಕ್ತಕ್ಕ ಸೇರ್ತದ. ಹೃದಯ ಅದನ್ನ ಮೈತುಂಬ ತಳ್ತದ, ನಿಂತ್ರೂ ಸೈ, ಮಲಗಿದ್ರೂ ಸೈ. ಲಿವರ್ ಅದನ್ನ ಒಡೀತದ, ಕಿಡ್ನಿ ಹೊರಗ ಹಾಕ್ತದ. ಇವರ ಕಿಡ್ನಿ ಹಾಕವಲ್ದು. ಹಿಂದಿನ ಗುಳಿಗಿ ಹೋಗೋದ್ರೊಳಗ ಇನ್ನೊಂದು ಬರಾಕತ್ತದ. ಅದಕ್ಕ ಈ ಮಂಪರು.”

ಬಸಿಗಾಲುವೆ! ನೀರು ಬಿಡುವುದೊಂದೇ ಅಲ್ಲ, ಉಳಿದ ನೀರು ಹೊಲದಿಂದ ಹೊರಗೂ ಹೋಗಬೇಕು, ಇಲ್ಲದಿದ್ದರೆ ನೀರು ನಿಂತು ಭೂಮಿ ಜವಳಾಗುತ್ತದೆ ಎಂದು ಶಹಾಪುರ, ಸುರಪುರದ ಊರೂರಿಗೆ ಹೋಗಿ ಭಾಷಣ ಬಿಗಿದವನು ನಾನೇ. ನೀಲಮ್ಮನ ಪಾದಗಳು ಬಾತು ಜವಳಾಗಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ರಸಮಟ್ಟ ನೋಡುತ್ತಿದ್ದೆ.

“ಹಂಗಾರ ಹೂಳು ತೆಗೀರಿ ಡಾಕ್ಟರ್ ಸಾಹೇಬ್ರ” ಎಂದೆ.

ಅವರು ಪೆನ್ನಿನ ಟೋಪಿ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಹೂಳೆತ್ತುವ ಕಾಮಗಾರಿಗೆ ಮಂಜೂರಾತಿ ಇಲ್ಲವೆಂದು ತಿಳಿಯಲು ಅಷ್ಟು ಸಾಕಾಯಿತು.

ಗುಳಿಗೆ ಅರ್ಧವಾಯಿತು, ನಡುವಿನ ಅಂತರ ಹೆಚ್ಚಾಯಿತು. ನೋವು ಪೂರ್ತಿ ಉಳಿಯಿತು. ಮನೆಗೆ ಬಂದವನೇ ಇಟ್ಟಿಗೆ ತೆಗೆಯಲು ಬಗ್ಗಿದೆ.

“ಇರಲಿ ಬಿಡ್ರಿ” ಎಂದಳು ನೀಲಮ್ಮ. “ತಲಿ ಎತ್ತರಕ್ಕದ. ಕಿಡಕ್ಯಾಗಿಂದ ಕಾಲುವಿ ದಂಡಿ ಮ್ಯಾಲ ನೀವು ಬರೋದು ಕಾಣ್ತದ.”

ಕೆಲವನ್ನು ತೆಗೆದು, ಅವಳು ಜಾರದಷ್ಟು ಉಳಿಸಿದೆ. ಅಂದಿನಿಂದ ಕೆಲಸವಿಲ್ಲದಿದ್ದರೂ ಕಾಲುವೆಯ ದಂಡೆಯ ಮೇಲೆ ಹೋಗಿ ಹೋಗಿ ಬರುತ್ತಿದ್ದೆ. ಅವಳು ಕಿಟಕಿಯಿಂದ ಕೈ ಎತ್ತುತ್ತಿದ್ದಳು. ಆ ವರ್ಷ ಕಾಲುವೆಗೆ ನೀರು ಬಿಡುವ ಮೊದಲೇ ಆ ಕೈ ನಿಂತಿತು.

ಇಟ್ಟಿಗೆಗಳು ಇನ್ನೂ ಅಲ್ಲೇ ಇವೆ. ಊಟವಾದ ಮೇಲೆ ಅದೇ ಮಂಚದಲ್ಲಿ ಒರಗಿ ನಾನೂ ಕಿಟಕಿಯಾಚೆ ನೋಡುತ್ತೇನೆ. ದಂಡೆಯ ಮೇಲೆ ಯಾರೂ ಬರುವುದಿಲ್ಲ. ಬರಬೇಕಾದವನು ಮಂಚದ ಮೇಲಿದ್ದಾನೆ. ನಾನು ನೀಲಮ್ಮನಿಗಿಂತ ಭಾರ. ತುಸು ಹೊತ್ತಿಗೆ ದಿಂಬು ಸಮೇತ ಜಾರಿ ನೆಲ ಸೇರುತ್ತೇನೆ.

ಇಳಿಜಾರಿನಲ್ಲಿ ಮಾತ್ರ ಯಾವ ದೋಷವೂ ಇಲ್ಲ!